ಹಸಿರು ಮುಚ್ಚಳದ ಡಬ್ಬಿಯಲ್ಲಿ ಏನಿತ್ತು?

ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಹೆಂಗಸು "ಮೈ ಉರಿಯುತ್ತೆ" ಅಂದರೆ ಯಾರು ನಂಬುತ್ತಾರೆ ಹೇಳಿ? "ಇಸ್ತ್ರಿ ಪೆಟ್ಟಿಗೆ ಮುಂದೆ ನಿಂತ್ರೆ ಉರಿಯದೆ ಚಳಿ ಆಗುತ್ತಾ?" ಅಂತ ಎಲ್ಲರೂ ನಗುತ್ತಿದ್ದರು.

ಆದರೆ ಇಸ್ತ್ರಿ ಅಕ್ಕನಿಗೆ ಗೊತ್ತಿತ್ತು, ಇದು ಬೇರೆ ಬಿಸಿ. ಹಬೆಯ ಬಿಸಿ ಹೊರಗಿನದು, ಸರಿದು ನಿಂತರೆ ಆಯಿತು. ಇದು ಎದೆಯೊಳಗಿಂದ ಭಗ್ಗನೆ ಎದ್ದು, ಕುತ್ತಿಗೆ ಹತ್ತಿ, ಮುಖ ಕೆಂಪಾಗಿಸಿ, ಉಟ್ಟ ಬಟ್ಟೆಯನ್ನೆಲ್ಲ ತೋಯಿಸಿ ಹೋಗುತ್ತಿತ್ತು. ಮುಟ್ಟು ನಿಲ್ಲುತ್ತಾ ಬಂದಾಗಿನಿಂದ ಈ ಝಳ ಅವಳ ಬೆನ್ನು ಹತ್ತಿತ್ತು.

ಬಸ್ ಮೆಕ್ಯಾನಿಕ್ ಆದ ಗಂಡನಿಗೆ ಹೇಳಿದಳು. "ನಿನ್ನ ಸಿಟ್ಟೇ ನೆತ್ತಿಗೇರಿದೆ ಬಿಡು" ಎಂದು ಅವನೂ ನಕ್ಕ. ಬಿ.ಪಿ. ಮಾತ್ರೆ ಬರೆಸಿಕೊಳ್ಳಲು ಹೋದಾಗ ಸಂಕೋಚ ನುಂಗಿಕೊಂಡು ಡಾಕ್ಟರಿಗೂ ಹೇಳಿದಳು. ಅವರು ಬರೆಯುತ್ತಿದ್ದ ಚೀಟಿಯಿಂದ ತಲೆಯನ್ನೂ ಎತ್ತಲಿಲ್ಲ. "ವಯಸ್ಸಾಗ್ತಾ ಬಂತಲ್ಲಮ್ಮ, ಸಹಿಸ್ಕೋಬೇಕು."

ಸಹಿಸಿಕೊಳ್ಳಬೇಕಂತೆ! ಅವರದೇ ಮೈ ಹೀಗೆ ಹೊತ್ತಿ ಉರಿದಿದ್ದರೆ ಅಷ್ಟು ಸಲೀಸಾಗಿ ಆ ಮಾತು ಬರುತ್ತಿತ್ತೇ?

ಆಗ ಬಂದಳು ಓರಗಿತ್ತಿ, ಮೈದುನನ ಹೆಂಡತಿ. ಅಕ್ಕಪಕ್ಕದವರಿಗೆಲ್ಲ ಪೌಡರು, ಎಣ್ಣೆ ಮಾರುವ ಮಾತಿನ ಮಲ್ಲಿ.

"ಅಕ್ಕಾ, ಪಾಪ ನೀನು ಎಷ್ಟು ಒದ್ದಾಡ್ತಿದ್ದೀಯ! ಈ ಪುಡಿ ತಗೋ. ಬರೀ ಬೇರು, ಎಲೆ. ಅಡ್ಡ ಪರಿಣಾಮ ಇಲ್ಲವೇ ಇಲ್ಲ ಅಂತ ಪೊಟ್ಟಣದ ಮೇಲೇ ಹಾಕಿದ್ದಾರೆ ನೋಡು."

ಇಸ್ತ್ರಿ ಅಕ್ಕ ತಗೊಂಡಳು. ಪುಡಿಯ ಮೇಲಿನ ನಂಬಿಕೆಗಿಂತ, "ಪಾಪ" ಅಂದವಳ ಮೇಲಿನ ನಂಬಿಕೆ ದೊಡ್ಡದಾಗಿತ್ತು.

ಲಾಂಡ್ರಿಯವರಿಗೆ ಒಂದು ಅಭ್ಯಾಸ. ದೊಡ್ಡ ಕ್ಯಾನಿನಿಂದ ಎಲ್ಲವನ್ನೂ ಸಣ್ಣ ಡಬ್ಬಿಗಳಿಗೆ ಸುರಿದು, ಮುಚ್ಚಳದ ಬಣ್ಣದಲ್ಲೇ ಗುರುತು ಹಿಡಿಯುತ್ತಾರೆ. ನೀಲಿ ಮುಚ್ಚಳ ಬ್ಲೀಚು, ಕೆಂಪು ಮುಚ್ಚಳ ತುಕ್ಕಿನ ಕಲೆ ತೆಗೆಯುವ ಆಸಿಡ್ಡು. ಇಸ್ತ್ರಿ ಅಕ್ಕ ಪುಡಿಯನ್ನೂ ಹಾಗೇ ಹಸಿರು ಮುಚ್ಚಳದ ಡಬ್ಬಿಗೆ ಸುರಿದು, ಪೊಟ್ಟಣವನ್ನು ಕಸಕ್ಕೆ ಎಸೆದಳು. ಬೆಳಿಗ್ಗೆ ಒಂದು ಚಮಚ. ಝಳ ಒಂದು ದಿನ ಕಡಿಮೆ ಅನಿಸಿದರೆ ಮರುದಿನ ಮತ್ತೆ ಅದೇ ರಾಗ. "ಸಂಜೆನೂ ತಗೋ, ಗಿಡ ತಾನೆ!" ಅಂದಳು ಓರಗಿತ್ತಿ. ಸಂಜೆಯೂ ತಗೊಂಡಳು.

ಬರಬರುತ್ತಾ ಊಟ ಸೇರದಾಯಿತು. ಮೂತ್ರ ಕಡುಬಣ್ಣಕ್ಕೆ ತಿರುಗಿತು. ಇಸ್ತ್ರಿ ಪೆಟ್ಟಿಗೆ ಎತ್ತಲು ಕೈಯಲ್ಲಿ ಕಸುವಿಲ್ಲ. ಇದೂ ವಯಸ್ಸೇ ಇರಬೇಕು ಅಂದುಕೊಂಡು ಬಾಯಿ ಮುಚ್ಚಿಕೊಂಡಳು. ಹೇಳಿದರೆ ಇನ್ನೊಂದು ಸಲ ನಗುತ್ತಾರೆ, ಅಷ್ಟೇ ತಾನೆ?

ಒಂದು ದಿನ ಪಕ್ಕದ ಆಸ್ಪತ್ರೆಯ ನರ್ಸಮ್ಮ ತನ್ನ ಸಮವಸ್ತ್ರ ಒಯ್ಯಲು ಬಂದಿದ್ದಳು. ಅಷ್ಟರಲ್ಲಿ ಬಟ್ಟೆ ಒಗೆಯುವ ಹೊಸಬ ನೀಲಿ ಮುಚ್ಚಳದ್ದನ್ನು ಸುರಿದ ಬಕೆಟ್ಟಿಗೇ ಕೆಂಪು ಮುಚ್ಚಳದ್ದನ್ನೂ ಬಗ್ಗಿಸಲು ಹೋದ.

"ಏಯ್! ನಿಲ್ಲಿಸು!" ಇಸ್ತ್ರಿ ಅಕ್ಕ ಚೀರಿದಳು. "ಎರಡೂ ಸೇರಿದ್ರೆ ವಿಷದ ಹೊಗೆ ಏಳುತ್ತೆ! ಏನು ಎತ್ತ ಅಂತ ಕೇಳದೆ ಒಂದಕ್ಕೊಂದು ಸುರೀತಾರೇನೋ?"

ಸಿಟ್ಟಿನಲ್ಲಿ ಕಿಟಕಿಯ ಬೆಳಕಿಗೆ ಬಂದವಳ ಮುಖ ನೋಡಿ ನರ್ಸಮ್ಮ ಹೌಹಾರಿದಳು.

"ಅಕ್ಕಾ, ನಿಮ್ಮ ಕಣ್ಣು ಹಳದಿ ಆಗಿದೆ! ಏನೇನು ಔಷಧಿ ತಗೊಳ್ತಿದ್ದೀರಿ?"

"ಬಿ.ಪಿ. ಮಾತ್ರೆ, ಅಷ್ಟೇ."

"ಬೇರೇನೂ ಇಲ್ವಾ?"

"ಅದು ಔಷಧಿ ಅಲ್ಲ ಬಿಡಮ್ಮ. ಝಳಕ್ಕೆ ಅಂತ ಗಿಡಮೂಲಿಕೆ ಪುಡಿ."

"ಯಾವ ಗಿಡದ್ದು?"

ಇಸ್ತ್ರಿ ಅಕ್ಕ ತಡವರಿಸಿದಳು. "ಹಸಿರು ಮುಚ್ಚಳದ್ದು."

"ಈಗಷ್ಟೇ ಅವನಿಗೆ ಏನಂದ್ರಿ? ಕೇಳದೆ ಸುರೀಬೇಡ ಅಂದ್ರಲ್ಲ! ಬಕೆಟ್ಟಿಗಿರೋ ಕಾಳಜಿ ನಿಮ್ಮ ಹೊಟ್ಟೆಗೆ ಬೇಡ್ವಾ?"

"ಗಿಡದ್ದು ಏನೂ ಮಾಡಲ್ಲ ಅಂದ್ರು..."

"ಹೊಗೆಸೊಪ್ಪೂ ಗಿಡನೇ ಅಕ್ಕಾ! ಮೈ ಮೇಲೆ ಕೆಲಸ ಮಾಡೋದು ಯಾವುದಾದ್ರೂ ಸರಿ, ಕೆಡುಕೂ ಮಾಡಬಹುದು. ನಡೀರಿ ಈಗಲೇ."

ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಆಯಿತು. ಲಿವರ್ ಊದಿಕೊಂಡಿತ್ತು. ಬೇರೆ ಕಾರಣಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ ಬಿಟ್ಟ ಮೇಲೆ, ಅನುಮಾನ ಉಳಿದದ್ದು ಪುಡಿಯ ಮೇಲೇ. ಓರಗಿತ್ತಿ ಓಡೋಡಿ ಇನ್ನೊಂದು ಪೊಟ್ಟಣ ತಂದಳು. ಅದರ ತುಂಬ ಹೂವಿನ ಚಿತ್ರ. "ಅಡ್ಡ ಪರಿಣಾಮ ಇಲ್ಲ" ಅನ್ನುವುದು ದಪ್ಪ ಅಕ್ಷರದಲ್ಲಿ. ಒಳಗೆ ಯಾವ ಗಿಡ, ಎಷ್ಟು, ತಯಾರಿಸಿದವರು ಯಾರು ಅನ್ನುವುದಕ್ಕೆ ಒಂದಕ್ಷರವೂ ಇಲ್ಲ! ಹೆಂಗಸರ ಸಂಕಟವನ್ನು ಹೀಗೆ ಪೊಟ್ಟಣ ಕಟ್ಟಿ ಮಾರುವವರಿಗೆ ನಾಚಿಕೆಯಾದರೂ ಬೇಡವೇ?

ಗಂಡ ಓರಗಿತ್ತಿಯ ಮೇಲೆ ಹರಿಹಾಯ್ದ. "ವಿಷ ತಿನ್ನಿಸಿದ್ಯಲ್ಲೇ!" ಅವಳು ಗಳಗಳನೆ ಅತ್ತಳು. "ನಾನೂ ನಂಬಿದ್ದೆ ಭಾವ..."

ಆಸ್ಪತ್ರೆಯ ಹಾಸಿಗೆಯಲ್ಲಿ ಎದ್ದು ಕೂತ ಇಸ್ತ್ರಿ ಅಕ್ಕ ಸಿಡಿದಳು. "ಅವಳನ್ಯಾಕೆ ಬೈತೀರಿ? ನಾನು ಹೇಳಿದಾಗ ನೀವು ನಕ್ಕಿರಿ. ಡಾಕ್ಟ್ರು ಸಹಿಸ್ಕೋ ಅಂದ್ರು. ನನ್ನ ಮಾತು ನಂಬಿದೋಳು ಇವಳೊಬ್ಳೇ. ಅದಕ್ಕೇ ಇವಳು ಕೊಟ್ಟಿದ್ದನ್ನ ಕಣ್ಣು ಮುಚ್ಕೊಂಡು ನುಂಗಿದೆ!"

ತಪ್ಪು ಎಲ್ಲಿಂದ ಶುರುವಾಯಿತು ಅನ್ನುವುದು ಗಂಡನಿಗೆ ಆಗ ತಿಳಿಯಿತು.

ಆ ಆಸ್ಪತ್ರೆಯ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತು ಹೇಳಿದರು. "ನಿಮ್ಮ ಝಳ ಸುಳ್ಳಲ್ಲ, ಅದಕ್ಕೆ ಚಿಕಿತ್ಸೆನೂ ಇದೆ. ಲಿವರ್ ಸುಧಾರಿಸಲಿ, ನಿಮಗೆ ಯಾವುದು ಹೊಂದುತ್ತೆ ನೋಡೋಣ. ಕೆಲವು ಮೂಲಿಕೆಗಳಿಂದ ಕೆಲವರಿಗೆ ಸ್ವಲ್ಪ ಆರಾಮ ಆಗಬಹುದು. ಆದ್ರೆ ಗಟ್ಟಿ ಪುರಾವೆ ಕಡಿಮೆ. ಕೆಲವು ಲಿವರ್‌ಗೆ ಪೆಟ್ಟು ಕೊಡ್ತವೆ, ಕೆಲವು ಬೇರೆ ಮಾತ್ರೆಗಳ ಜೊತೆ ಜಗಳಕ್ಕೆ ಬೀಳ್ತವೆ. ರಕ್ತ ತೆಳುವಾಗಿಸೋ ಮಾತ್ರೆ ತಗೊಳ್ಳೋರು, ಸ್ತನ ಕ್ಯಾನ್ಸರ್ ಆಗಿದ್ದೋರು ಇನ್ನೂ ಹುಷಾರಾಗಿರಬೇಕು."

ಪುಡಿ ನಿಂತಿತು. ನಿಧಾನವಾಗಿ ಕಣ್ಣು ಬೆಳ್ಳಗಾಯಿತು. ಓರಗಿತ್ತಿ ಆ ಪೊಟ್ಟಣ ಮಾರುವುದನ್ನು ಬಿಟ್ಟಳು. ಕೊಂಡವರ ಮನೆಮನೆಗೂ ಹೋಗಿ ನಿಲ್ಲಿಸಿ ಅಂತ ತಾನೇ ಹೇಳಿ ಬಂದಳು. ಗಂಡ ಲಾಂಡ್ರಿಗೆ ಬಂದು ಇಸ್ತ್ರಿ ಮೇಜನ್ನು ಕಿಟಕಿ ಪಕ್ಕಕ್ಕೆ ಎಳೆದು ಹಾಕಿ, ಫ್ಯಾನ್ ಕಟ್ಟಿದ. ಈಗ ಅಲ್ಲಿನ ಪ್ರತಿ ಡಬ್ಬಿಯ ಮೇಲೂ ಒಳಗಿರುವುದರ ಹೆಸರಿದೆ.

ಬಿ.ಪಿ. ಮಾತ್ರೆಗೆ ಮತ್ತೆ ಆ ಹಳೆಯ ಡಾಕ್ಟರ ಹತ್ತಿರ ಹೋದಾಗ ಗಂಡನೂ ಜೊತೆಗಿದ್ದ. ಝಳದ ಮಾತು ಬಂತು. "ವಯಸ್ಸಾಗ್ತಾ..." ಎಂದು ಅವರು ಬರೆಯುತ್ತಲೇ ಶುರು ಮಾಡಿದರು.

"ಡಾಕ್ಟ್ರೇ," ಅಂದಳು ಇಸ್ತ್ರಿ ಅಕ್ಕ, "ಸ್ವಲ್ಪ ತಲೆ ಎತ್ತಿ, ನನ್ನ ಮುಖ ನೋಡಿ ಮಾತಾಡಿ."

ಅವರು ಪೆನ್ನು ಕೆಳಗಿಟ್ಟರು.

ಅಕ್ಕಂದಿರೇ, ತಂಗಿಯರೇ, ಮುಟ್ಟು ನಿಲ್ಲುವ ಕಾಲದ ಝಳ ನಾಚಿಕೆಯ ವಿಷಯವಲ್ಲ, ನಗೆಯ ವಿಷಯವಂತೂ ಅಲ್ಲವೇ ಅಲ್ಲ. ಯಾವುದೇ ಮೂಲಿಕೆ ಬಾಯಿಗೆ ಹಾಕುವ ಮುಂಚೆ ಡಾಕ್ಟರನ್ನು ಕೇಳಿ. ಈಗಾಗಲೇ ತಗೊಳ್ಳುತ್ತಿದ್ದರೆ ಪೊಟ್ಟಣ ಎಸೆಯದೆ ಕೈಯಲ್ಲೇ ಹಿಡಿದುಕೊಂಡು ಹೋಗಿ ತೋರಿಸಿ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣವಾದರೆ ಅದನ್ನು ನಿಲ್ಲಿಸಿ ಆವತ್ತೇ ಆಸ್ಪತ್ರೆಗೆ ಹೋಗಿ. ಮುಟ್ಟು ಪೂರ್ತಿ ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೂ ತಡ ಮಾಡಬೇಡಿ.

ಗಂಡಂದಿರೇ, ಮಕ್ಕಳೇ, ಮನೆಯ ಹೆಂಗಸು "ಮೈ ಉರಿಯುತ್ತೆ" ಅಂದರೆ ನಗಬೇಡಿ, ನಂಬಿ. ಇನ್ನು ಆಸ್ಪತ್ರೆಯಲ್ಲಿ ಯಾರಾದರೂ ತಲೆ ಎತ್ತದೆ "ಸಹಿಸ್ಕೋ" ಅಂದರೆ, ಎದ್ದು ಬರಬೇಡಿ. ತಲೆ ಎತ್ತಿಸಿಯೇ ಬನ್ನಿ.