ಅಂಚಿನೊಳಗಿನ ಹೊಲಿಗೆ

ಮೈಮೂನತ್‌ಗೆ ಆ ವರ್ಷ ಹೊಲಿಗೆಯೆಂದರೆ ಸಾಕುಸಾಕಾಗಿತ್ತು. ರಿಯಾದಿನ ಮಲಾಜ್ ಬಡಾವಣೆಯಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆಯ ಹಾಲ್‌ನಲ್ಲೇ ಹತ್ತೊಂಬತ್ತು ವರ್ಷ ಮಿಷನ್ ತುಳಿದವಳು ಅವಳು. ಈದ್ ಹಬ್ಬದ ಬಟ್ಟೆಗಳನ್ನು ಮುಗಿಸಿ ಕೊಡುವಷ್ಟರಲ್ಲಿ ಸೊಂಟ ಕೈಕೊಟ್ಟಿತ್ತು, ಕಣ್ಣಿಗೆ ಸೂಜಿಯ ತೂತು ಕಾಣುತ್ತಿರಲಿಲ್ಲ. ಇನ್ನು ಒಂದು ತಿಂಗಳು ಯಾರ ಬಟ್ಟೆಯನ್ನೂ ಮುಟ್ಟುವುದಿಲ್ಲ ಎಂದು ಗಂಡ ಅಬ್ದುಲ್ ಸಮದ್‌ನ ಮುಂದೆ ಘೋಷಿಸಿಯೂ ಆಗಿತ್ತು. ಘೋಷಿಸಿದ ಮೂರನೇ ದಿನಕ್ಕೇ ನೋರಾ ಬಂದಳು.

ನೋರಾ ಐರ್ಲೆಂಡಿನವಳು, ಇಲ್ಲಿನ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ಹಿರಿಯ ನರ್ಸ್. ಒಂಬತ್ತು ವರ್ಷಗಳಿಂದ ಅಬಾಯ ನಿಲುವಂಗಿಯ ತೋಳು ಕಿರಿದು ಮಾಡಿಸಲಿಕ್ಕೂ ಇಲ್ಲಿಗೇ ಬರುವವಳು. ಒಮ್ಮೆ ಮೈಮೂನತ್ ಜ್ವರದಲ್ಲಿ ಮಲಗಿದ್ದಾಗ ಮಾತ್ರೆ ಹಿಡಿದುಕೊಂಡು ಮಹಡಿ ಹತ್ತಿದ್ದಳು. ಅಂಥವಳಿಗೆ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ಕಾಗದದ ಮಡಿಕೆ ಬಿಚ್ಚಿದರೆ ಒಳಗೆ ಒಂದು ಬಿಳಿ ಅಂಗಿ. ಕೂಸಿನ ಅಂಗಿಯೇ, ಆದರೆ ಉದ್ದ ಮೂರು ಕೂಸುಗಳಿಗಾಗುವಷ್ಟು. ತೆಳು ಬಲೆಯ ಮೇಲೆ ದಾರದಲ್ಲೇ ಬಿಡಿಸಿದ ಹೂಬಳ್ಳಿ. ಕೆಳಗಿನ ಲಿನನ್ ಬಟ್ಟೆಯ ಅಂಚು ಎರಡು ಕಡೆ ಕಿತ್ತು ಜೋತುಬಿದ್ದಿತ್ತು.

ಇಬ್ಬರೂ ಮಾತಾಡುವುದು ಅರ್ಧ ಇಂಗ್ಲಿಷು, ಅರ್ಧ ಉರ್ದು. “ನನ್ನ ಮುತ್ತಜ್ಜಿ ಲಿಮರಿಕ್ ಎಂಬ ಊರಲ್ಲಿ ಲೇಸ್ ಕೆಲಸದವಳು” ಎಂದಳು ನೋರಾ. “ಲಂಡನ್ನಿನ ದೊಡ್ಡವರ ಮದುವೆಗೆ ಹೊಲಿದು ಹೊಲಿದು ಕೊನೆಗೆ ಕಣ್ಣು ಕಳೆದುಕೊಂಡಳು. ತನ್ನ ಮದುವೆಗೆ ಅಂತ ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಲೇಸ್ ಮಾಡಿಟ್ಟುಕೊಂಡಳಂತೆ. ಮಗು ಹುಟ್ಟಿದಾಗ ಆ ಮದುವೆ ಬಟ್ಟೆಯನ್ನೇ ಕತ್ತರಿಸಿ ಇದನ್ನು ಮಾಡಿದಳು. ನಾವೆಲ್ಲ ಕೂಸಾಗಿದ್ದಾಗ ಇದನ್ನೇ ಹಾಕಿಕೊಂಡು ದೀಕ್ಷಾಸ್ನಾನಕ್ಕೆ ಚರ್ಚಿಗೆ ಹೋದವರು. ಈಗ ನನ್ನ ಮಗಳ ಮಗುವಿನ ಸರದಿ. ಶುಕ್ರವಾರ ವಿಮಾನ.”

ಮರುದಿನ ಮೈಮೂನತ್ ಅಂಗಿಯನ್ನು ಒಳಮೈ ಹೊರಗೆ ಮಾಡಿ ಹರಡಿದಳು. ಅವಳಿಗೆ ಹೊಲಿಗೆ ಕಲಿಸಿದ ಜಮೀಲಮ್ಮ ಮೊದಲು ನೋಡುತ್ತಿದ್ದದ್ದೇ ಒಳಮೈಯನ್ನು. ಅಲ್ಲಿ ಒಂದು ಎಳೆ ಹೆಚ್ಚುಕಮ್ಮಿಯಾದರೂ ಪೂರ್ತಿ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದರು. ಈ ಅಂಗಿಯ ಅಂಚಿನ ಒಳಗೆ ಸಾಲಾಗಿ ನಾಲ್ಕು ಕಡೆ ಐದೈದು ಹೊಲಿಗೆ, ಸೊಟ್ಟಸೊಟ್ಟ. ಯಾವುದನ್ನೂ ಹಿಡಿದಿಟ್ಟುಕೊಳ್ಳದ, ಯಾತಕ್ಕೂ ಬೇಡದ ಹೊಲಿಗೆಗಳು. ಇಂಥ ಲೇಸಿಗೆ ಇಂಥ ರಿಪೇರಿ ಮಾಡಿದ ಪುಣ್ಯಾತ್ಮರು ಯಾರಪ್ಪಾ ಎಂದುಕೊಂಡು ಎಲ್ಲವನ್ನೂ ಬಿಚ್ಚಿ ತೆಗೆದಳು. ಅಂಚನ್ನು ಹೊಸದಾಗಿ ಕೂರಿಸಿದಳು. ಸುಸ್ತಿನ ನಡುವೆಯೂ ತನ್ನ ಕೆಲಸ ತನಗೇ ಹಿಡಿಸಿತು. ಎಳೆಗಳೆಲ್ಲ ಕಸದ ಜೊತೆ ಕೆಳಗಿಳಿದು ಹೋದವು.

ಇಳಿಹೊತ್ತಿನ ಅಸರ್ ನಮಾಝ್ ಮುಗಿಸಿ ಫೋನ್ ನೋಡಿದರೆ ನೋರಾಳ ದನಿಯ ಸಂದೇಶ. ಹೇಳಲು ಮರೆತೆ ಮೈಮೂನಾ, ಅಂಚಿನೊಳಗಿನ ಆ ಪುಟ್ಟ ಹೊಲಿಗೆಗಳನ್ನು ಮಾತ್ರ ಮುಟ್ಟಬೇಡ. ಮೊದಲ ಮಗುವಿಗೆ ತೊಡಿಸುವ ಮುಂಚೆ ಪ್ರತಿ ತಾಯಿ ಐದು ಹೊಲಿಗೆ ಹಾಕುವುದು ನಮ್ಮ ಮನೆಯ ಪದ್ಧತಿ. ಮುತ್ತಜ್ಜಿಯದು, ಅಜ್ಜಿಯದು, ಅಮ್ಮನದು, ನನ್ನದು. ಐದನೆಯದು ಮಗಳು ಹಾಕುತ್ತಾಳೆ.

ಮೈಮೂನತ್ ಕಸದ ಬುಟ್ಟಿಯತ್ತ ಓಡಿದಳು, ಅದು ಖಾಲಿಯಾಗಿತ್ತು. ಸಮದ್ ಕೆಲಸದಿಂದ ಬಂದಾಗ ಅವಳು ಮಿಷನ್ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದಳು.

“ಎಂತ ಮಾರಾಯ್ತಿ, ಸೂಜಿಯ ತೂತು ಉಂಟಲ್ಲ, ಅದರಲ್ಲೇ ವಾಪಸ್ ಹಾಕು. ಯಾರಿಗೆ ಗೊತ್ತಾಗ್ತದೆ?” ಎಂದ ಅವನು, ಎಲ್ಲ ಕೇಳಿದ ಮೇಲೆ.

“ಸತ್ತವರ ಕೈಕೆಲಸ ಅದು, ನಾನು ಹಾಕ್ಲಿಕ್ಕೆ ಆಗ್ತದಾ ಹೇಳಿ?”

“ಹಾಗಾದ್ರೆ ಅವಳಿಗೆ ಹೇಳು.”

ಹೇಳುವ ಧೈರ್ಯವೂ ಇರಲಿಲ್ಲ, ತ್ರಾಣವೂ ಇರಲಿಲ್ಲ. ಹಳೇ ಲಿನನ್ನಿನಲ್ಲಿ ಸೂಜಿಯ ತೂತುಗಳು ಹಾಗೇ ಉಳಿದಿದ್ದವು. ಎರಡು ಮಧ್ಯಾಹ್ನ ಕೂತು ಒಂದೊಂದೇ ತೂತು ಹುಡುಕಿ, ಸೊಟ್ಟವನ್ನು ಸೊಟ್ಟಕ್ಕೇ ಹೊಲಿದಳು. ಚೆನ್ನಾಗಿ ಹೊಲಿಯಲು ಕಲಿತ ಕೈಗೆ ಕೆಟ್ಟದಾಗಿ ಹೊಲಿಯುವುದು ಎಷ್ಟು ಕಷ್ಟವೆಂದು ಅವಳಿಗೆ ಆಗ ತಿಳಿಯಿತು.

ಗುರುವಾರ ನೋರಾ ಡ್ಯೂಟಿಯ ಬಟ್ಟೆಯಲ್ಲೇ ಬಂದಳು. ಕಣ್ಣ ಕೆಳಗೆ ಕಪ್ಪು. ಅಂಗಿಯನ್ನು ತಿರುಗಿಸಿ ಅಂಚಿನ ಮೇಲೆ ಬೆರಳಾಡಿಸಿದಳು. “ಇದು ಮುತ್ತಜ್ಜಿ. ಇದು ಅಜ್ಜಿ. ಇದು ಅಮ್ಮ” ಎಂದು ಮೂರನೆಯದನ್ನು ಎರಡೆರಡು ಸಲ ಸವರಿದಳು. ಮೈಮೂನತ್‌ಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ನೋರಾಳ ಬೆರಳು ನಾಲ್ಕನೆಯದಕ್ಕೆ ಬಂತು. ಅಲ್ಲೇ ನಿಂತಿತು. ಬೆಳಕಿಗೆ ಹಿಡಿದು ನೋಡಿದಳು.

“ಇದು ನನ್ನ ಗಂಟಲ್ಲ. ಮಗಳು ಹುಟ್ಟಿದಾಗ ನಾನು ಆಗಷ್ಟೇ ಹೆರಿಗೆಕೋಣೆಯಲ್ಲಿ ಗಾಯ ಹೊಲಿಯಲು ಕಲಿತಿದ್ದೆ. ಅದೇ ಗಂಟು ಹಾಕಿದ್ದೆ. ಇದು ದರ್ಜಿಯ ಗಂಟು.”

“ನಾನು ಹಾಕಿದ್ದು ಸಿಸ್ಟರ್. ಗೊತ್ತಿಲ್ಲದೆ ಬಿಚ್ಚಿಬಿಟ್ಟೆ.”

“ಇದೊಂದನ್ನೇ?”

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಉಳಿದ ಮೂವರು ಎದ್ದು ಬಂದು ಸಾಕ್ಷಿ ಹೇಳುವವರಲ್ಲ.

“ಎಲ್ಲ” ಎಂದಳು ಮೈಮೂನತ್. “ನಾಲ್ಕೂ.”

ನೋರಾ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಳು.

“ಬೈದುಬಿಡಿ ಸಿಸ್ಟರ್.”

“ಬೈಯಲಿಕ್ಕೂ ಕೈಲಾಗುವುದಿಲ್ಲ ಮೈಮೂನಾ. ಅಮ್ಮ ಹೋಗಿ ಐದು ತಿಂಗಳು. ರಜೆ ಸಿಗಲಿಲ್ಲ, ಮಣ್ಣಿಗೂ ಹೋಗಲಿಲ್ಲ. ಅವಳ ಕೈ ಅಂತ ಉಳಿದಿದ್ದು ಇದೊಂದೇ.”

ಆಮೇಲೆ ಕತ್ತರಿ ಕೇಳಿ ಪಡೆದು, ತನ್ನ ಜಾಗದ ಐದು ಹೊಲಿಗೆಗಳನ್ನು ಕತ್ತರಿಸಿ, ತಾನೇ ಮತ್ತೆ ಹಾಕಿದಳು. ಗಂಟು ಎರಡು ಸಲ ತಪ್ಪಿತು. ಉಳಿದ ಮೂರನ್ನು ಮುಟ್ಟಲಿಲ್ಲ.

“ಮಗಳಿಗೆ ಹೇಳುವುದಿಲ್ಲ” ಎಂದಳು. “ಅಜ್ಜಿಯ ಹೊಲಿಗೆ ಅಂತಲೇ ತೋರಿಸುತ್ತೇನೆ.”

ಅವಳು ಹೊಟ್ಟೆಗೆ ಹಾಕಿಕೊಂಡಳೋ ಇಲ್ಲವೋ ಮೈಮೂನತ್‌ಗೆ ತಿಳಿಯಲಿಲ್ಲ. ಕೇಳುವ ಮುಖವೂ ಇರಲಿಲ್ಲ. ಅಂಗಿ ಮಡಚಿ ಬಾಗಿಲವರೆಗೆ ಹೋದ ನೋರಾ ಅಲ್ಲಿಂದಲೇ ತಿರುಗಿದಳು.

“ಅಮ್ಮನದು… ಇಷ್ಟೇ ಸೊಟ್ಟಗಿತ್ತಾ?”

“ಇಷ್ಟೇ ಸಿಸ್ಟರ್. ಐದರಲ್ಲಿ ಮೂರನೇ ಹೊಲಿಗೆ ಸ್ವಲ್ಪ ಉದ್ದ. ಕೊನೇದನ್ನು ಎರಡು ಸಲ ಹಾಕಿದ್ರು, ಬಿಚ್ಚಿ ಹೋಗದ ಹಾಗೆ.”

ನೋರಾ ಬಾಗಿಲಲ್ಲೇ ನಿಂತು ಅಂಗಿಯ ಮಡಿಕೆ ಬಿಚ್ಚಿ ಅಮ್ಮನ ಮೂರನೇ ಹೊಲಿಗೆಯನ್ನು ಹುಡುಕಿದಳು.