ಖಾಲಿ ಕರಡಿಗೆ

"ಎರಡು ಮಣೆ ಹಾಕಿವ್ನಿ, ಬಾರೇ. ಉಪ್ಪಿಟ್ಟು ಆರೋಗ್ತೈತೆ," ಎಂದು ಬಸಮ್ಮ ದೇವರ ಮನೆಯಿಂದ ಮಗಳನ್ನು ಕರೆದಳು. ಲಿಂಗಪೂಜೆಯಾಗದೆ ಆ ಮನೆಯಲ್ಲಿ ಯಾರೂ ತಿಂಡಿ ಮುಟ್ಟುವುದಿಲ್ಲ.

ಬೆಳಗಿನ ಬಸ್ಸಿಗೆ ಜಾವಗಲ್ಲಿಗೆ ಬಂದಿಳಿದಿದ್ದ ಅರುಣಾ, ಸ್ನಾನ ಮುಗಿಸಿ ಒದ್ದೆ ಕೂದಲಲ್ಲೇ ಬಂದು ಕೂತಳು. ಕೊರಳಲ್ಲಿ ಬೆಳ್ಳಿಯ ಕರಡಿಗೆ. ಅದರೊಳಗೆ ಇಷ್ಟಲಿಂಗ ಇರಲಿಲ್ಲ.

ರಾಮೇಶ್ವರದ ಹತ್ತಿರ ಅವಳಿಗೆ ಕಡಲಪಾಚಿಯ ಅಧ್ಯಯನದ ಕೆಲಸ. ಕಡಲು ಇಳಿದಾಗ ಎದೆಮಟ್ಟದ ನೀರಿಗೆ ಹೋಗಿ, ಬಂಡೆಯ ಮೇಲೆ ಕಬ್ಬಿಣದ ಚೌಕಟ್ಟಿಟ್ಟು, ಯಾವ ಪಾಚಿ ಎಷ್ಟು ಬೆಳೆದಿದೆಯೆಂದು ನೋಡಬೇಕು. ಉಪ್ಪುನೀರಿಗೆ ಬೆಳ್ಳಿ ಕೆಡುತ್ತದೆಂದು ಕರಡಿಗೆಯನ್ನು ಕೋಣೆಯಲ್ಲಿಟ್ಟು, ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಿದ್ದಳು. ದಾರ ಸವೆದಿತ್ತು, ಬದಲಾಯಿಸಬೇಕೆಂದುಕೊಂಡಿದ್ದಳು. ಮೊನ್ನೆ ಸೋಮವಾರ ದಡಕ್ಕೆ ಬಂದು ಎದೆ ಮುಟ್ಟಿಕೊಂಡರೆ ಬರಿದು. ನೀರು ಏರುವವರೆಗೂ ಹುಡುಕಿದಳು.

ಆ ಊರಲ್ಲಿ ಅವಳೊಡನೆ ಕನ್ನಡ ಆಡುವವರಿಲ್ಲ. ಬೆಳಿಗ್ಗೆ ಎಡಗೈಯಲ್ಲಿ ಲಿಂಗವಿಟ್ಟುಕೊಂಡು, ಅಪ್ಪ ಕಲಿಸಿದ್ದ ವಚನ ಹೇಳುವಾಗಷ್ಟೇ ನಾಲಿಗೆಗೆ ಕನ್ನಡ. ವಚನ ಮುಗಿದ ಮೇಲೂ ಒಮ್ಮೊಮ್ಮೆ ಅದರೊಡನೆ ಮಾತಾಡುತ್ತಿದ್ದಳು. ಗಾಳಿ ಜೋರು, ಕೂದಲಿಗೆಲ್ಲ ಮೀನಿನ ವಾಸನೆ, ಇಂಥವೇ.

ಬಸಮ್ಮ ವಿಭೂತಿ ಹಚ್ಚಿಕೊಂಡು ತನ್ನ ಲಿಂಗ ತೆಗೆದಳು. "ತೆಗಿಯೇ. ಯಾಕೆ ಗರ ಬಡ್ದಂಗೆ ಕೂತೆ?"

ಅಂಗೈ ಮರೆಮಾಡಿ ಕಣ್ಣು ಮುಚ್ಚಿದ್ದರೆ ಅಮ್ಮನಿಗೆ ತಿಳಿಯುತ್ತಿರಲಿಲ್ಲ. ಅರುಣಾ ಕರಡಿಗೆ ಬಿಚ್ಚಿ ಅವಳ ಮುಂದಿಟ್ಟಳು.

ಬಸಮ್ಮ ಬಗ್ಗಿ ನೋಡಿದಳು.

"ಎಲ್ಲಿ?"

"ಕಡಲಲ್ಲಿ ಕಣಮ್ಮ. ದಾರ ಕಿತ್ತೋಯ್ತು, ಸೋಮವಾರ."

"ಅವತ್ತಿಂದ ಏನ್ ತಿಂದೆ?"

"ಬಸ್ಸಲ್ಲಿ ಬಾಳೆಹಣ್ಣು."

"ಬಾಳೆಹಣ್ಣು," ಎಂದಳು ಬಸಮ್ಮ. ಆಮೇಲೆ, "ಸ್ವಾಮೇರು ಅರಸೀಕೆರೆಗೆ ಹೋಗವ್ರೆ. ಸಂಜೀಕೆ ಬತ್ತಾರೆ, ಮಠಕ್ಕೆ ಹೋಗನ. ಬೇರೆ ಕೊಡ್ತಾರೆ."

ಅರುಣಾ ಹೂಂ ಎಂದು ತಲೆಯಾಡಿಸಿದಳು.

"ಅಲ್ಲಿ ಕತ್ಲಾ, ನೀರೊಳ್ಗೆ?"

"ಇಲ್ಲ. ಬೆಳಕು ಇಳಿಯೋ ಕಡೇನೇ ಪಾಚಿ ಬೆಳೆಯೋದು."

"ಲಿಂಗದ ಮೇಲೂ ಬೆಳೀತೈತಾ?"

"ಗಟ್ಟಿಯಾಗಿರೋದು ಏನು ಸಿಕ್ಕರೂ ಹಿಡ್ಕೊಂಡು ಬೆಳೆಯುತ್ತೆ."

"ಹಂಗಾರೆ ದಿನಾ ಪತ್ರೆ ಏರ್ತೈತೆ ಅನ್ನು," ಎಂದಳು ಬಸಮ್ಮ, ನಗದೆ.

ತನ್ನ ಪೂಜೆ ಮುಗಿಸಿ, ಅಡುಗೆಮನೆಗೆ ಹೋಗಿ ಉಪ್ಪಿಟ್ಟಿನ ಮೇಲೆ ತಟ್ಟೆ ಮುಚ್ಚಿ ಬಂದಳು.

"ನೀನು ತಿನ್ನಮ್ಮ."

"ಸಂಜೆ ತಿನ್ನನ, ಸುಮ್ನಿರು."

ಅರುಣಾಳ ಎಡಗೈ ರೂಢಿಯಂತೆ ಮಡಿಲಲ್ಲಿ ತೆರೆದುಕೊಂಡೇ ಇತ್ತು. ಒದ್ದೆ ಕೂದಲಿನಿಂದ ಒಂದು ಹನಿ ಅಂಗೈಗೆ ಬಿತ್ತು. ಅವಳು ಕೈ ಅಲುಗಿಸದೆ ಕೂತಳು.