ಬುಧವಾರದ ಪ್ಯಾನ್‌ಕೇಕ್

ಒಂದು ಬುಧವಾರ ಬೆಳಿಗ್ಗೆ ಎಂಟೂಕಾಲಿಗೆ ರಸ್ಟೀಸ್ ಹೋಟೆಲಿನಲ್ಲಿ ನನ್ನ ಮೇಜಿಗೆ ಕಾಫಿ ತಂದವಳು ಮ್ಯಾರಿಯನ್ ಆರ್ಮರಾಡ್. ನನ್ನ ಮುಂದಿನ ತಟ್ಟೆಯಲ್ಲಿ ಮೂರು ಪ್ಯಾನ್‌ಕೇಕುಗಳಿದ್ದವು, ಪಕ್ಕದಲ್ಲಿ ಗರಿಗರಿಯಾಗಿ ಹುರಿದ ಹಂದಿಮಾಂಸದ ತೆಳು ಬೇಕನ್. ಮೇಪಲ್ ಪಾಕದ ಜಗ್ ನನ್ನ ಕೈಯಲ್ಲೇ ಇತ್ತು. ಅದನ್ನು ಬಚ್ಚಿಡಲು ಜಾಗವಿರಲಿಲ್ಲ. ಅವಳ ಹಳದಿ ಏಪ್ರನ್ನಿನ ಮೇಲೆ ಹೆಸರಿನ ಪಟ್ಟಿ ಇತ್ತು. ಅದನ್ನು ಬಚ್ಚಿಡಲು ಅವಳಿಗೂ ಆಗುವಂತಿರಲಿಲ್ಲ.

"ಏನ್ ಲೆಸ್, ಬೇಕನ್ ಮೇಲೂ ಸುರ್ಕೊಳ್ತೀಯೋ, ಬರೀ ಪ್ಯಾನ್‌ಕೇಕಿಗೋ?" ಎಂದಳು.

"ನೀನು ಇಲ್ಲಿ ಹೇಗೆ?"

"ಸೋಮವಾರದಿಂದ ಕೆಲಸ. ನೆವಿಲ್‌ಗೆ ಗೊತ್ತಿಲ್ಲ. ಕಿಸಿಮ್ಮೀಲಿ ಯಾವುದೋ ಮುದುಕೀನ ನೋಡ್ಕೊಳ್ಳೋಕೆ ಹೋಗ್ತೀನಿ ಅಂದಿದೀನಿ." ಕಾಫಿ ಬಗ್ಗಿಸುತ್ತಲೇ ಸುತ್ತ ನೋಡಿದಳು. "ಸುಳ್ಳು ಹೇಳೋಳು ನಾನೊಬ್ಬಳೇ ಅಲ್ಲ ಅಂತ ಈಗ ಗೊತ್ತಾಯ್ತು. ನಿನ್ನೆ ಪಾಲೀನ್ ಬಂದಿದ್ಲು. ಮೊನ್ನೆ ಟಟ್ಲ್ ದಂಪತಿ. ನಮ್ಮ ಕೆಫೆಯ ಭಾನುವಾರದವರೆಲ್ಲ ಇಲ್ಲೇ ಇದೀರಲ್ಲಪ್ಪ."

ಮ್ಯಾರಿಯನ್ ಮತ್ತು ಅವಳ ಗಂಡ ನೆವಿಲ್ ಫ್ಲಾರಿಡಾದ ಹೆದ್ದಾರಿಯ ಪಕ್ಕದಲ್ಲಿ 'ಬ್ರಾಸ್ ಕೆಟಲ್' ಎಂಬ ಸಣ್ಣ ಕೆಫೆ ನಡೆಸುತ್ತಿದ್ದರು. ಇಂಗ್ಲೆಂಡಿನ ಬರ್ನ್‌ಲಿಯ ಮನೆ ಮಾರಿ 2005ರಲ್ಲಿ ಅದನ್ನು ಕೊಂಡಿದ್ದರು. ಅವರು ಈ ದೇಶದಲ್ಲಿದ್ದುದು ಆ ಕೆಫೆಯ ಬಲದಿಂದ. ಹೂಡಿಕೆದಾರರ ವೀಸಾ ನವೀಕರಣವಾಗಬೇಕಾದರೆ ವ್ಯಾಪಾರ ಅವರ ಹೊಟ್ಟೆಗೆ ಸಾಲುವಷ್ಟಲ್ಲ, ಅದಕ್ಕಿಂತ ಹೆಚ್ಚು ನಡೆಯುತ್ತಿದೆ ಎಂದು ತೋರಿಸಬೇಕಿತ್ತು. ವ್ಯಾಪಾರ ನಿಂತರೆ ಇಬ್ಬರೂ ವಿಮಾನ ಹತ್ತಬೇಕು. ಬರ್ನ್‌ಲಿಯಲ್ಲಿ ಅವರಿಗೆ ಈಗ ಬಾಗಿಲೂ ಇಲ್ಲ, ಕಿಟಕಿಯೂ ಇಲ್ಲ. ನನಗೆ ಆ ಭಯವಿರಲಿಲ್ಲ. ನನ್ನ ಕಾಗದಪತ್ರ ಇಲ್ಲಿ ಮದುವೆಯಾದ ಮಗಳ ಕಡೆಯಿಂದ ಆಗಿತ್ತು.

ಮೊದಲ ಮೂರು ವರ್ಷ ಬ್ರಾಸ್ ಕೆಟಲ್ ಚೆನ್ನಾಗಿ ನಡೆಯಿತು. ಇಂಗ್ಲೆಂಡಿನಿಂದ ರಜೆಗೆ ಬರುವ ನಮ್ಮವರು ಅಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದರು. 2008ರಲ್ಲಿ ಪೌಂಡು ಕುಸಿದ ಮೇಲೆ ಅವರು ಬರುವುದು ಕಡಿಮೆಯಾಯಿತು. ಉಳಿದವರು ಇಲ್ಲೇ ನೆಲೆಸಿದ ನಾವು ಇಪ್ಪತ್ತು ಮೂವತ್ತು ಜನ. ನಾವು ಹೋಗುತ್ತಿದ್ದುದು ಭಾನುವಾರ ಮಾತ್ರ.

ನೆವಿಲ್‌ನ ತಟ್ಟೆ ನಾವು ಬಿಟ್ಟುಬಂದ ಊರಿನ ತಟ್ಟೆಯೇ. ಹಂದಿಯ ಬೆನ್ನಿನ ಮಾಂಸವನ್ನು ತಾನೇ ಐದು ದಿನ ಉಪ್ಪಿನಲ್ಲಿಟ್ಟು ಮಾಡಿದ ದಪ್ಪ ಬೇಕನ್, ಸಾಸೇಜು, ಮೊಟ್ಟೆ, ಹುರಿದ ಬ್ರೆಡ್ಡು, ಸಪ್ಪೆ ಬೀನ್ಸ್ ಕಾಳು, ಅರ್ಧ ಟೊಮೆಟೊ. ಟೋಸ್ಟನ್ನು ಕಂಬಿಯ ಚೌಕಟ್ಟಿನಲ್ಲಿ ನಿಲ್ಲಿಸಿ, ಪೂರ್ತಿ ಆರಿದ ಮೇಲೆ ತಂದಿಡುತ್ತಿದ್ದ. ಊರಲ್ಲಿ ಅದೇ ಕ್ರಮ.

ಫ್ಲಾರಿಡಾಕ್ಕೆ ಬಂದ ಹೊಸತರಲ್ಲಿ, ಬೇಕನ್ನಿಗೆ ಪಾಕ ತಗುಲಿದ್ದನ್ನು ನೋಡಿ ನಾನು ತಟ್ಟೆಯನ್ನೇ ದೂರ ತಳ್ಳಿದ್ದೆ. ಎರಡನೆಯ ವರ್ಷ, ಮೊಮ್ಮಗಳ ತಟ್ಟೆಯಲ್ಲಿ ಉಳಿದಿದ್ದ ಅಂಥದೊಂದು ತುಂಡನ್ನು ಬಿಸಾಡಲು ಮನಸ್ಸಾಗದೆ ಬಾಯಿಗೆ ಹಾಕಿಕೊಂಡೆ. ಉಪ್ಪು, ಸಿಹಿ, ಹೊಗೆ. ಆ ಮೇಲೆ ಬುಧವಾರಗಳಂದು ರಸ್ಟೀಸ್‌ಗೆ ಹೋಗತೊಡಗಿದೆ. ಅದು ಬ್ರಾಸ್ ಕೆಟಲ್‌ನಿಂದ ಒಂಬತ್ತು ಮೈಲಿ ದೂರ. ನಾವೆಲ್ಲ ಅದನ್ನು ಆರಿಸಿಕೊಂಡದ್ದೂ ಅದಕ್ಕೇ ಎಂದು ಕಾಣುತ್ತದೆ.

ಮ್ಯಾರಿಯನ್ ಎದುರಿನ ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತಳು.

"ಜೂನ್‌ಗೆ ನವೀಕರಣ ಲೆಸ್. ವಾರದ ದಿನ ಒಬ್ಬರೂ ಬರಲ್ಲ. ಪ್ಯಾನ್‌ಕೇಕ್ ಹಾಕೋಣ, ಬಿಸಿ ಟೋಸ್ಟ್ ಕೊಡೋಣ, ಈ ಕಡೆ ಜನಾನೂ ಬರ್ತಾರೆ ಅಂತ ಒಂದು ವರ್ಷದಿಂದ ಬಡ್ಕೊಂಡೆ. 'ನಮ್ಮ ಗಿರಾಕಿಗಳಿಗೆ ಅದು ಬೇಡ, ಅವರನ್ನೇ ಕೇಳು' ಅಂತಾನೆ."

"ಕೇಳಿದ್ಯಾ?"

"ಕೇಳೋದೇನು, ಕಣ್ಣಾರೆ ನೋಡ್ತಿದೀನಲ್ಲ. ಆದರೆ ನಾನು ಹೇಳಿದ್ರೆ ನಂಬಲ್ಲ. ಇಲ್ಲಿ ನೋಡಿದೆ ಅಂದ್ರೆ ನಾನ್ಯಾಕೆ ಇಲ್ಲಿದ್ದೆ ಅಂತ ಬರುತ್ತೆ. ಈ ಭಾನುವಾರ ಅವನೇ ಎಲ್ಲರನ್ನೂ ಕೇಳ್ತಾನೆ, ನಾನು ಒಪ್ಪಿಸಿದೀನಿ. ನೀನು ಒಂದು ಮಾತು ಹೇಳು. ಒಂದೇ ಒಂದು. ನಿನ್ನ ಮಾತಿಗೆ ಅವನು ಬೆಲೆ ಕೊಡ್ತಾನೆ. 'ಹಾಕಪ್ಪ, ತಿಂತೀವಿ' ಅಂದ್ಬಿಡು."

"ಹೇಳ್ತೀನಿ."

"ಆಣೆ ಮಾಡು."

"ಹೇಳ್ತೀನಿ ಅಂದ್ನಲ್ಲ ಮ್ಯಾರಿಯನ್."

ಅವಳು ಬಿಲ್ಲನ್ನು ಮೇಜಿನ ಮೇಲೆ ಬೋರಲು ಹಾಕಿ ಹೋದಳು.

ನಮ್ಮವರ ಒಂದು ಅಭ್ಯಾಸವನ್ನು ಇಲ್ಲಿ ಹೇಳಬೇಕು. ಬಡಿಸಿದವರ ಎದುರು ತಿಂಡಿ ಚೆನ್ನಾಗಿಲ್ಲ ಎಂದು ನಾವು ಹೇಳುವುದಿಲ್ಲ. ಕೂದಲು ಸಿಕ್ಕರೆ ಕಾಗದದ ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತೇವೆ. ತಟ್ಟೆ ಖಾಲಿ ಮಾಡುತ್ತೇವೆ. ಹೇಗಿತ್ತು ಎಂದರೆ ತುಂಬಾ ಚೆನ್ನಾಗಿತ್ತು ಎನ್ನುತ್ತೇವೆ. ಆಮೇಲೆ ಆ ಕಡೆ ಹೋಗುವುದಿಲ್ಲ.

ಭಾನುವಾರ ಹತ್ತು ಗಂಟೆಗೆ ಹದಿನೇಳು ಜನ ಸೇರಿದ್ದೆವು. ನೆವಿಲ್ ಅಡುಗೆಮನೆಯಿಂದ ಬಂದು, ಚಾಕುವಿನಿಂದ ಲೋಟ ತಟ್ಟಿದ.

"ಒಂದು ನಿಮಿಷ. ನನ್ನ ಹೆಂಡತಿಗೆ ಒಂದು ಹೊಸ ಖಯಾಲಿ. ಆ ಸಿಹಿ ಪ್ಯಾನ್‌ಕೇಕು, ಕಾಗದದ ಹಾಗಿರೋ ಬೇಕನ್ನು, ಅದೆಲ್ಲ ನಾವೂ ಹಾಕ್ಬೇಕಂತೆ. ನಿಜ ಹೇಳಿ, ನಿಮಗೆ ಬೇಕಾ? ನನಗೆ ಬೇಜಾರಿಲ್ಲ. ಬೇಕು ಅಂದ್ರೆ ನಾಳೆಯಿಂದಲೇ ಮಾಡ್ತೀನಿ."

ಅವನು ನಿಜಕ್ಕೂ ಕೇಳುತ್ತಿದ್ದ. ಆಗಲೇ ಪ್ಯಾನ್‌ಕೇಕ್ ಹಿಟ್ಟಿನ ಎರಡು ಮೂಟೆಗಳು ಬಾಗಿಲ ಪಕ್ಕದಲ್ಲಿದ್ದವು. ನಾನು ಅವುಗಳನ್ನು ನೋಡಿದೆ.

ಮೊದಲು ಮಾತಾಡಿದವಳು ಪಾಲೀನ್. "ಅಯ್ಯೋ ನೆವಿಲ್, ಅದರಿಂದ ತಪ್ಪಿಸ್ಕೊಳ್ಳೋಕೆ ತಾನೇ ಇಲ್ಲಿಗೆ ಬರೋದು! ಏನೂ ಬದಲಾಯಿಸ್ಬೇಡ ಕಣೋ."

"ಪಾಕದಲ್ಲಿ ಬೇಕನ್ ಅದ್ದೋರು ಮನುಷ್ಯರೇ ಅಲ್ಲ" ಎಂದ ಟಟ್ಲ್. ಎಲ್ಲರೂ ನಕ್ಕರು. ಅವನು ಬಹಳ ಜೋರಾಗಿ ನಕ್ಕ.

ನೆವಿಲ್ ನನ್ನ ಕಡೆ ತಿರುಗಿದ. "ಲೆಸ್, ನೀನೇನಂತೀಯ? ಸುಳ್ಳು ಹೇಳೋನಲ್ಲ ನೀನು."

ಮ್ಯಾರಿಯನ್ ಟೀ ಪಾತ್ರೆ ಹಿಡಿದು ಕೌಂಟರಿನ ಹಿಂದೆ ನಿಂತಿದ್ದಳು. ಹದಿನಾರು ಜನ ನನ್ನ ಮುಖ ನೋಡುತ್ತಿದ್ದರು. ನಾನು ಬೇಕು ಎಂದರೆ ಅವರೆಲ್ಲ ಸುಳ್ಳು ಹೇಳಿದಂತಾಗುತ್ತಿತ್ತು. ಆ ಕ್ಷಣಕ್ಕೆ ನನ್ನ ತಲೆಯಲ್ಲಿದ್ದುದು ಅಷ್ಟೇ. ಜೂನ್ ಇರಲಿಲ್ಲ, ವೀಸಾ ಇರಲಿಲ್ಲ.

"ಹೀಗೇ ತುಂಬಾ ಚೆನ್ನಾಗಿದೆ ನೆವಿಲ್" ಎಂದೆ.

"ನೋಡಿದ್ಯಾ?" ಎಂದು ಅವನು ಹೆಂಡತಿಗೆ ಕೂಗಿದ. ಅವನ ಮುಖ ಅರಳಿತ್ತು. ಮರುವಾರ ಹೋದಾಗ ಹಿಟ್ಟಿನ ಮೂಟೆಗಳು ಅಲ್ಲಿರಲಿಲ್ಲ, ವಾಪಸು ಕೊಟ್ಟೆ ಎಂದ.

ನಾನು ಬುಧವಾರಗಳಂದು ಬೇರೆ ಹೋಟೆಲು ಹುಡುಕಿಕೊಂಡೆ.

ಜೂನ್ ಹದಿನಾಲ್ಕರಂದು ಅವರ ಅರ್ಜಿ ತಿರಸ್ಕೃತವಾಯಿತು. ವ್ಯಾಪಾರದಿಂದ ಆ ಕುಟುಂಬದ ಜೀವನಕ್ಕೆ ಬೇಕಾದಷ್ಟೂ ಹುಟ್ಟುತ್ತಿಲ್ಲ ಎಂದು ಪತ್ರದಲ್ಲಿತ್ತು. ಮ್ಯಾರಿಯನ್ ರಸ್ಟೀಸ್‌ನಿಂದ ತಂದ ಸಂಬಳ ಮನೆ ನಡೆಸಿತ್ತು. ಕೆಫೆಯ ಲೆಕ್ಕಕ್ಕೆ ಅದು ಸೇರುವಂತಿರಲಿಲ್ಲ.

ಕೊನೆಯ ಭಾನುವಾರ ಬ್ರಾಸ್ ಕೆಟಲ್‌ನಲ್ಲಿ ಕೂರಲು ಜಾಗವಿರಲಿಲ್ಲ. ದೂರದ ಟ್ಯಾಂಪಾ ನಗರದಿಂದಲೂ ನಮ್ಮವರು ಬಂದಿದ್ದರು. ಹೊರಗೆ ಬಿಸಿಲಿನಲ್ಲಿ ಸಾಲು ನಿಂತಿತ್ತು. ಪಾಲೀನ್ ಅಳುತ್ತಿದ್ದಳು. ನೆವಿಲ್ ಪ್ರತಿ ಮೇಜಿಗೂ ಹೋಗಿ "ಹೇಗಿದೆ?" ಎಂದು ಕೇಳಿದ. ಪ್ರತಿ ಮೇಜಿನಲ್ಲೂ ತುಂಬಾ ಚೆನ್ನಾಗಿದೆ ಎಂದರು.

ನನ್ನ ತಟ್ಟೆಯನ್ನು ಮ್ಯಾರಿಯನ್ ತಂದಳು. ಬೇಕನ್, ಸಾಸೇಜು, ಬೀನ್ಸ್ ಕಾಳು. ಪಕ್ಕದಲ್ಲಿ ಒಂದು ಪುಟ್ಟ ಗಾಜಿನ ಜಗ್ ಇಟ್ಟಳು. ರಸ್ಟೀಸ್‌ನ ಜಗ್ ಅದು, ಅದರ ತುಂಬ ಪಾಕ.

"ಇದ್ಯಾಕೆ ಇಲ್ಲಿ?" ಎಂದ ನೆವಿಲ್, ಹಿಂದೆಯೇ ಬಂದವನು.

"ಲೆಸ್‌ಗೆ. ಅವನು ಬೇಕನ್ ತಿನ್ನೋದು ಹಾಗೇ. ಬುಧವಾರ ಬುಧವಾರ."

ನೆವಿಲ್ ನಕ್ಕ. "ಹೋಗೇ, ಇವನಾ? ಇವನು ಸತ್ತರೂ ಮುಟ್ಟಲ್ಲ. ಹೇಳೋ ಲೆಸ್."

ಈ ಸಲ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ಜಗ್ಗಿನ ಹಿಡಿಕೆಗೆ ಕೈ ಹಾಕಿದೆ. ನಗು ಅವನ ಮುಖದ ಮೇಲೆ ಇನ್ನೂ ಸ್ವಲ್ಪ ಹೊತ್ತು ಇತ್ತು.

"ಎಷ್ಟು ದಿನದಿಂದ?"

"ಎರಡು ವರ್ಷ" ಎಂದೆ.

ಅವನು ತಲೆಯೆತ್ತಿ ಇಡೀ ಕೋಣೆಯನ್ನು ನೋಡಿದ. ಟಟ್ಲ್ ತನ್ನ ತಟ್ಟೆಯ ಬೀನ್ಸ್ ಕಾಳನ್ನು ನೋಡುತ್ತಿದ್ದ. "ಎಲ್ಲರೂನಾ?" ಎಂದು ನೆವಿಲ್ ಕೇಳಿದ. ಯಾರನ್ನು ಕೇಳಿದ ಎಂದು ಗೊತ್ತಾಗಲಿಲ್ಲ.

ಪಾಲೀನ್ ಕಣ್ಣೊರೆಸಿಕೊಂಡಳು. "ನಿನ್ನ ತಿಂಡಿ ಯಾವತ್ತೂ ತುಂಬಾ ಚೆನ್ನಾಗಿತ್ತು ನೆವಿಲ್. ನಿಜವಾಗ್ಲೂ."

ಅವನು ಹೆಗಲ ಮೇಲಿದ್ದ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ. "ಅವರಿಗೆ ಟೀ ಕೊಡು" ಎಂದು ಮ್ಯಾರಿಯನ್‌ಗೆ ಹೇಳಿ, ಅಡುಗೆಮನೆಗಲ್ಲ, ಹಿಂದಿನ ಬಾಗಿಲಿಂದ ಹೊರಗೆ ಹೋದ. ಕಾರು ಹೊರಟ ಸದ್ದು ಕೇಳಿಸಿತು.

ಮ್ಯಾರಿಯನ್ ಟೀ ಕೊಟ್ಟಳು. ಅವಳು ನನ್ನ ಮುಖ ನೋಡಲಿಲ್ಲ. ನಾವು ಯಾರೂ ಎದ್ದು ಹೋಗಲಿಲ್ಲ. ಆರಿದ ಟೋಸ್ಟು, ತಣ್ಣಗಾದ ಮೊಟ್ಟೆ, ಹುರಿದ ಬ್ರೆಡ್ಡು, ಎಲ್ಲವನ್ನೂ ತಿಂದೆವು. ಅವಳು ತೆಗೆಯಲು ಬಂದಾಗ ಒಂದು ತಟ್ಟೆಯಲ್ಲೂ ಏನೂ ಉಳಿದಿರಲಿಲ್ಲ.